ಅಶ್ವತ್ಥಮ್ಮನ ಹಾಜರಿ, ಸೊಣ್ಣಪ್ಪನ ಎಮ್ಮೆ

ಅಶ್ವತ್ಥಮ್ಮನಿಗೆ ಬರುವ ಕೋಪ ಬಂದು ಹೋಗುವ ಜಾತಿಯದಲ್ಲ. ಬಂದು, ಚಾಪೆ ಹಾಸಿಕೊಂಡು, ಒಲೆ ಹೂಡಿ, ಸಂಸಾರ ಮಾಡಿಕೊಂಡು ಇದ್ದುಬಿಡುವ ಜಾತಿಯದು. ಚಿಕ್ಕವಳಿದ್ದಾಗ ಪಕ್ಕದ ಮನೆಯ ಕದಿರಮ್ಮ ಮದುವೆಯೂಟದ ಪಂಕ್ತಿಯಿಂದ ಅವಳನ್ನು ಎಬ್ಬಿಸಿ ತನ್ನ ತಂಗಿಯ ಮಗಳನ್ನು ಕೂರಿಸಿದ್ದಳು. ಅಷ್ಟೇ ಆದದ್ದು. ಆಮೇಲೆ ಕದಿರಮ್ಮ ಎಷ್ಟು ಹಬ್ಬಕ್ಕೆ ಹೋಳಿಗೆ ಕಳಿಸಿದರೂ ಅಶ್ವತ್ಥಮ್ಮ ಬಾಯಿಗೆ ಹಾಕಲಿಲ್ಲ, ಕೋಳಿಗೆ ಹಾಕಿದಳು. ಕೋಳಿ ತಿಂದಿತು. ಕೋಳಿಗೇನು ಮಾನವೇ ಮರ್ಯಾದೆಯೇ! "ಇವಳ ಸಿಟ್ಟು ಬಾವಿಗೆ ಬಿದ್ದ ಕೊಡ ಇದ್ದಂಗೆ. ಕೊಡಾನಾದ್ರೂ ಪಾತಾಳಗರಡಿ ಆಕಿ ಎತ್ಬೌದು, ಇವಳ ಸಿಟ್ಟು ಎತ್ತೋಕಾಗಲ್ಲ" ಎಂದು ತಾಯಿ ಮುನಿಶಾಮಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಅಂಥವಳ ಹಾಜರಿ ಕತ್ತರಿಸುವ ಧೈರ್ಯ ಮಾಡಿದವನು ಬಂಗಾರಪೇಟೆಯ ಪ್ರೊಫೆಸರ್ ರಾಮಚಂದ್ರಪ್ಪ. ಪ್ರೊಫೆಸರನ್ನು ಅವನು ಇವನು ಅನ್ನಬಹುದೇ ಎಂದು ಕೇಳಬೇಡಿ. ಅಶ್ವತ್ಥಮ್ಮ ಮನೆಯಲ್ಲಿ ಅನ್ನುತ್ತಿದ್ದದ್ದೇ ಹಾಗೆ, ನಾನು ಅದನ್ನು ಎಷ್ಟೋ ಮೆತ್ತಗೆ ಮಾಡಿ ಹೇಳುತ್ತಿದ್ದೇನೆ.

ಅವಳ ಊರು ಕ್ಯಾಸಂಬಳ್ಳಿಯಿಂದ ಸ್ವಲ್ಪ ಒಳಕ್ಕೆ. ಅಪ್ಪ ಸೊಣ್ಣಪ್ಪ ದನದ ದಲ್ಲಾಳಿ. ಸಂತೆಯಲ್ಲಿ ಕೈಮೇಲೆ ಟವೆಲು ಮುಚ್ಚಿ, ಅದರೊಳಗೆ ಬೆರಳು ಹಿಡಿದು ರೇಟು ಕುದುರಿಸುವುದರಲ್ಲಿ ಅವನಿಗೆ ಸಮ ಇಲ್ಲ. ಮನೆಯಲ್ಲೂ ಎಮ್ಮೆ ಕಟ್ಟಿದ್ದರು. ಹಾಲು ಕೆಜಿಎಫ್‌ನ ಗಣಿ ಕಾರ್ಮಿಕರ ಮನೆಗಳಿಗೆ ಹೋಗುತ್ತಿತ್ತು. ಊರಿಗೆಲ್ಲ ಹಾಲು ಮಾರುವ ಸೊಣ್ಣಪ್ಪನಿಗೆ ಮಾತ್ರ ಒಂದು ಚಟ: ಗಟ್ಟಿ ಎಮ್ಮೆ ಹಾಲಿನ ಕಾಫಿ ಬಿಸಿಬಿಸಿಯಾಗಿ ಹೊಟ್ಟೆಗೆ ಇಳಿಯದೆ ಅವನು ಕಣ್ಣು ಬಿಡುತ್ತಿರಲಿಲ್ಲ.

ಅಪ್ಪನ ಸೈಕಲ್ಲಿನ ಹಿಂದೆ ಕೂತು ಹಾಲು ಹಾಕಲು ಹೋಗುತ್ತಿದ್ದ ಹುಡುಗಿಗೆ ಕೆಜಿಎಫ್ ಹಿಡಿಸಿದ್ದು ಅದುರುವ ನೆಲಕ್ಕಾಗಿ. ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಮನೆಗಳು ನಡುಗುತ್ತವೆ. ಅಲ್ಲಿಯ ಜನ ಅದಕ್ಕೆ ತಲೆ ಎತ್ತುವುದೂ ಇಲ್ಲ. ಒಂದು ಮನೆಯ ಸ್ಟ್ಯಾಂಡಿನಲ್ಲಿ ಸಾಲಾಗಿ ಜೋಡಿಸಿಟ್ಟ ಲೋಟಗಳಲ್ಲಿ ಒಂದೇ ಒಂದು ಲೋಟ ಪ್ರತಿ ಸಲವೂ ಗುಂಯ್ ಎನ್ನುತ್ತಿತ್ತು, ಮಿಕ್ಕವು ಸುಮ್ಮನಿರುತ್ತಿದ್ದವು. ಅದೊಂದೇ ಯಾಕೆ ಎಂದು ಅವಳು ಕೇಳಿದಳು. ಆ ಮನೆಯಾಕೆ ತಮಿಳಿನಲ್ಲಿ ನಕ್ಕು, ಅದು ಅವರ ಅತ್ತೆಯ ಲೋಟ, ಅದಕ್ಕೆ ಬಾಯಿ ಜಾಸ್ತಿ ಎಂದಳು. ಅಶ್ವತ್ಥಮ್ಮನಿಗೆ ಆ ಉತ್ತರ ಸಾಲಲಿಲ್ಲ. ಅದನ್ನು ಹಿಡಿದುಕೊಂಡೇ ಓದಿದಳು, ಮೆಕ್ಯಾನಿಕಲ್ ಬಿ.ಇ. ಮಾಡಿದಳು, ಕೆಜಿಎಫ್‌ನ ಒಂದು ಪಾಲಿಟೆಕ್ನಿಕ್ಕಿನಲ್ಲಿ ಮೇಡಮ್ಮೂ ಆದಳು. ಆ ವಿಭಾಗಕ್ಕೆ ಅವಳೊಬ್ಬಳೇ ಹೆಂಗಸು. ಎಂಬತ್ತೆರಡರಲ್ಲಿ ಪಾಲಿಟೆಕ್ನಿಕ್ಕಿನವರು ಅವಳನ್ನು ಸಂಬಳ ಕೊಟ್ಟು ಎಂ.ಇ. ಓದಲು ಬೆಂಗಳೂರಿನ ಕಾಲೇಜಿಗೆ ಕಳಿಸಿದರು.

ಅದಕ್ಕೊಂದು ಕಾರಣವಿತ್ತು. ವಿಭಾಗದ ಮುಖ್ಯಸ್ಥರು ನಿವೃತ್ತರಾಗುವವರಿದ್ದರು. ಆ ಕುರ್ಚಿಯಲ್ಲಿ ಕೂರಲು ಎಂ.ಇ. ಆಗಿರಬೇಕು ಎಂದು ರೂಲು. ಅದೇ ವಿಭಾಗದಲ್ಲಿ ಅವಳಿಗಿಂತ ಚಿಕ್ಕವನಾದ ಕುಪ್ಪುಸ್ವಾಮಿಯನ್ನೂ ಅದೇ ವರ್ಷ ಮದರಾಸಿಗೆ ಕಳಿಸಿದ್ದರು. ಯಾರು ಮೊದಲು ಮುಗಿಸಿ ಬರುತ್ತಾರೋ ಕುರ್ಚಿ ಅವರದು. ಇದು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಪಾಲಿಟೆಕ್ನಿಕ್ಕಿನ ಜವಾನನವರೆಗೆ ಎಲ್ಲರಿಗೂ ಗೊತ್ತಿದ್ದ ವಿಷಯ.

ಎಂ.ಇ. ಎಂದರೆ ಎರಡು ವರ್ಷ. ಮೊದಲ ವರ್ಷ ಪೂರ್ತಿ ಕೋರ್ಸ್‌ವರ್ಕ್: ಕೆಲವು ಕಡ್ಡಾಯದ ಪೇಪರುಗಳು, ಕೆಲವು ನಾವೇ ಆರಿಸಿಕೊಳ್ಳುವವು, ಮೇಲೊಂದು ಸೆಮಿನಾರು. ಪ್ರತಿ ಪೇಪರಿಗೂ ಮುಕ್ಕಾಲು ಪಾಲು ಹಾಜರಿ ಇರಲೇಬೇಕು. ಕಡ್ಡಾಯದ್ದು ಒಂದೇ ಒಂದು ಉಳಿದರೂ ಎರಡನೇ ವರ್ಷದ ಪ್ರಾಜೆಕ್ಟಿಗೆ ಕಾಲಿಡುವ ಹಾಗಿಲ್ಲ. ಆ ಪೇಪರನ್ನು ಮುಂದಿನ ವರ್ಷ ಮತ್ತೆ ಮೊದಲಿನಿಂದ ಕೂತು ಕೇಳಬೇಕು. ಕಡ್ಡಾಯದ ಪೇಪರುಗಳಲ್ಲಿ ಒಂದು ವೈಬ್ರೇಶನ್, ಅಂದರೆ ಆ ಲೋಟ ಯಾಕೆ ಗುಂಯ್ ಅನ್ನುತ್ತದೆ ಎಂದು ಹೇಳುವ ವಿದ್ಯೆ. ಅದನ್ನು ಪಾಠ ಮಾಡುವವನು ರಾಮಚಂದ್ರಪ್ಪ.

ಹೆಸರು ಕೇಳಿ ಮುನಿಶಾಮಮ್ಮ ಹಿರಿಹಿರಿ ಹಿಗ್ಗಿದಳು. "ಅಯ್ಯೋ, ನಮ್ಮೋರೇ ಕಣೇ! ಕಾಮಸಮುದ್ರದ ಕಡೆಯೋರು, ಈಗ ಬಂಗಾರಪೇಟೇಲಿ ಮನೆ. ಆವತ್ತು ನಿಮ್ಮಪ್ಪ ಎಮ್ಮೆ ಕೊಡಲಿಲ್ವಾ, ಅವರ ಎಂಡ್ತೀಗೇ ಕೊಟ್ಟಿದ್ದು. ವರಸೇಲಿ ನಿಂಗೆ ಮಾವ ಆಗ್ಬೇಕು."

ಸೊಣ್ಣಪ್ಪ ಕೆಮ್ಮಿದ. "ಎಮ್ಮೆ ಸುದ್ದಿ ಯಾಕೆ ಈಗ? ಬಸ್ಸು ಬತ್ತದೆ, ಓಗಮ್ಮ ಓಗು" ಎಂದು ಮಗಳನ್ನು ಬಾಗಿಲಿಂದಾಚೆ ದಬ್ಬಿದ.

ನಮ್ಮ ಕಡೆ ಒಬ್ಬರ ಮನೆಯವರನ್ನು ವಿಚಾರಿಸಬೇಕಾದರೆ ಮೊದಲು ದನಕರು ವಿಚಾರಿಸಬೇಕು. ಎಮ್ಮೆ ಚೆನ್ನಾಗಿದೆಯೇ ಎಂದು ಕೇಳದೆ ಹೆಂಡತಿ ಚೆನ್ನಾಗಿದ್ದಾಳೆಯೇ ಎಂದು ಕೇಳಿದರೆ ಅದು ಮರ್ಯಾದೆಯಲ್ಲ. ಅಶ್ವತ್ಥಮ್ಮ ಎಷ್ಟು ಓದಿದರೂ ಇದು ಅವಳ ರಕ್ತದಲ್ಲಿತ್ತು. ಕಾಲೇಜಿನ ಮೊದಲ ದಿನ ವರಾಂಡದಲ್ಲಿ ಸೂಟು, ಟೈ ಹಾಕಿಕೊಂಡು, ನಾಲ್ಕಾರು ಪ್ರೊಫೆಸರುಗಳ ನಡುವೆ ಇಂಗ್ಲಿಷಿನಲ್ಲಿ ಮಾತಾಡುತ್ತ ಬರುತ್ತಿದ್ದ ರಾಮಚಂದ್ರಪ್ಪನನ್ನು ಕಂಡಾಗ ಅವಳಿಗೆ ಆನಂದ ತಡೆಯಲಾಗಲಿಲ್ಲ.

"ಮಾವಾ! ಚೆನ್ನಾಗಿದ್ದೀರಾ? ನಾನು ಕ್ಯಾಸಂಬಳ್ಳಿ ಕಡೆ ಸೊಣ್ಣಪ್ಪನ ಮಗಳು. ನಮ್ಮೆಮ್ಮೆ ಎಂಗೈತೆ ಮಾವಾ? ಒತ್ತಿಗೆ ಎಷ್ಟು ಕೊಡ್ತೈತೆ ಆಲು?"

ಹಿಂದೆ ಬರುತ್ತಿದ್ದ ಹುಡುಗರು ಹೋ ಎಂದು ನಕ್ಕರು. ಪ್ರೊಫೆಸರುಗಳು ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ರಾಮಚಂದ್ರಪ್ಪನ ಮುಖ ಸುಟ್ಟ ಬದನೆಕಾಯಿಯಾಯಿತು. ಅವಳನ್ನು ದಾಟಿಕೊಂಡು ಹೋದ. ಅವತ್ತು ಸಂಜೆಯ ಹೊತ್ತಿಗೆ ಕಾಲೇಜಿನಲ್ಲಿ ಅವನಿಗೆ 'ಎಮ್ಮೆ ಮಾವ' ಎಂಬ ಹೆಸರು ಬಿದ್ದಾಗಿತ್ತು.

ಆಮೇಲೆ ಶುರುವಾಯಿತು. ವೈಬ್ರೇಶನ್ ಕ್ಲಾಸು ಬೆಳಗಿನ ಮೊದಲನೆಯದು. ರಾಮಚಂದ್ರಪ್ಪ ಬಂಗಾರಪೇಟೆಯಿಂದ ಬರುವುದು ಯಾವ ರೈಲಿನಲ್ಲೋ ಅಶ್ವತ್ಥಮ್ಮ ಬರುವುದೂ ಅದರಲ್ಲೇ. ಅವನು ಹತ್ತುತ್ತಿದ್ದದ್ದು, ದಿನಾ ಓಡಾಡುವ ಪಾಸಿನವರು 'ಮೆಟ್ಟಿಲಿನ ಡಬ್ಬಿ' ಎಂದು ಕರೆಯುತ್ತಿದ್ದ ಡಬ್ಬಿ. ಕಂಟೋನ್ಮೆಂಟಿನಲ್ಲಿ ಅದು ಸರಿಯಾಗಿ ಮೇಲ್ಸೇತುವೆಯ ಮೆಟ್ಟಿಲ ಎದುರಿಗೇ ನಿಲ್ಲುತ್ತದೆ. ಇಳಿದವನೇ ನೂಕುನುಗ್ಗಲಿಗೆ ಮೊದಲೇ ಮೆಟ್ಟಿಲು ಹತ್ತಿ, ಹೊರಗೆ ಕಾಯುತ್ತಿದ್ದ ಗೆಳೆಯನ ಸ್ಕೂಟರ್ ಏರಿ ಹೋಗಿಬಿಡುತ್ತಿದ್ದ. ಹಿಂದಿನ ಹೆಂಗಸರ ಡಬ್ಬಿಯಿಂದ ಇಳಿದ ಅಶ್ವತ್ಥಮ್ಮ ಜನರ ನಡುವೆ ತೆವಳಿ, ಸಿಟಿ ಬಸ್ಸಿಗೆ ಕಾದು, ಓಡೋಡಿ ಬರುವ ಹೊತ್ತಿಗೆ ಬೆಲ್ ಆಗಿ, ಹಾಜರಿ ಕೂಗಿ, ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿರುತ್ತಿತ್ತು. ರೈಲು ಸರಿಯಾಗಿ ಬಂದ ದಿನ ಹೇಗೋ ಮುಟ್ಟುತ್ತಿದ್ದಳು. ಆದರೆ ಸರಿಯಾಗಿ ಬಂದರೆ ಅದು ನಮ್ಮ ರೈಲೇ?

"ಸಾರ್, ನೀವು ಬಂದ ರೈಲಲ್ಲೇ ನಾನೂ ಬಂದಿದ್ದು. ರೈಲು ತಡ ಆಗಿದ್ದು ನಿಮಗೂ ಗೊತ್ತಲ್ಲ ಸಾರ್" ಎಂದು ಕಿಟಕಿಯಿಂದ ಬೇಡಿಕೊಂಡಳು.

ಅವನು ತಿರುಗಿಯೂ ನೋಡದೆ ಹೇಳಿದ: "ರೈಲು ಇಬ್ಬರಿಗೂ ಒಂದೇ, ಗಡಿಯಾರವೂ ಇಬ್ಬರಿಗೂ ಒಂದೇ. ನಾನು ಒಳಗಿದ್ದೇನೆ, ನೀವು ಹೊರಗಿದ್ದೀರಿ."

ಅವಳು ವರಾಂಡದಲ್ಲಿ ನಿಂತು, ಕಿಟಕಿಯ ಸರಳಿನ ಆಚೆಯಿಂದ ಬೋರ್ಡು ನೋಡಿಕೊಂಡು ನೋಟ್ಸು ಬರೆಯತೊಡಗಿದಳು. ಎರಡು ವಾರ ಹಾಗೆ ನಡೆಯಿತು. ಒಂದು ದಿನ ಅವನು ಪಾಠ ನಿಲ್ಲಿಸಿ, ಹತ್ತಿರದ ಹುಡುಗನಿಗೆ ಸನ್ನೆ ಮಾಡಿ ಕಿಟಕಿಯನ್ನೂ ಹಾಕಿಸಿದ. ಬಾಗಿಲು ಹಾಕಿದ್ದನ್ನು ಅಶ್ವತ್ಥಮ್ಮ ಒಂದು ವೇಳೆ ಕ್ಷಮಿಸುತ್ತಿದ್ದಳೋ ಏನೋ. ಕಿಟಕಿ ಹಾಕಿದ್ದನ್ನು ಮಾತ್ರ ಎದೆಯೊಳಗೆ ಇಳಿಸಿಕೊಂಡುಬಿಟ್ಟಳು.

ವರ್ಷದ ಕೊನೆಗೆ ಮಿಕ್ಕೆಲ್ಲ ಪೇಪರು ಪಾಸು, ಸೆಮಿನಾರಿನಲ್ಲಿ ಎಲ್ಲರಿಗಿಂತ ಮೇಲೆ, ವೈಬ್ರೇಶನ್ನಿನಲ್ಲಿ ಹಾಜರಿ ಕಡಿಮೆ, ಪರೀಕ್ಷೆಗೆ ಕೂರುವಂತಿಲ್ಲ. ಅವನ ರೂಮಿಗೆ ಹೋಗಿ ಕಣ್ಣೀರು ಹಾಕಿದಳು. ಹಾಕಬಾರದಿತ್ತು, ಹಾಕಿದಳು. ಅವನು ಪೆನ್ನಿನ ಮುಚ್ಚಳ ತಿರುಗಿಸುತ್ತ, "ರೂಲ್ ಅಂದರೆ ಅಲ್ಲಿಂದ ಕಿತ್ತು ಇಲ್ಲಿ ನೆಡೋಕೆ ಎಮ್ಮೆ ಕಟ್ಟೋ ಗೂಟ ಅಲ್ಲಮ್ಮ" ಎಂದ. ಕುಪ್ಪುಸ್ವಾಮಿ ಮದರಾಸಿನಲ್ಲಿ ಕೋರ್ಸ್‌ವರ್ಕ್ ಮುಗಿಸಿ ಪ್ರಾಜೆಕ್ಟು ಹಿಡಿದ ಸುದ್ದಿಯೂ ಅದೇ ವಾರ ಬಂತು. ಕುರ್ಚಿ ಹೋಯಿತು. ಹೋದದ್ದು ಅವಳಿಗೂ ತಿಳಿಯಿತು.

ಆವತ್ತು ಮನೆಯಲ್ಲಿ ಅವಳು ಹಾಕಿದ ಶಾಪಗಳನ್ನು ಬರೆದರೆ ಈ ಕಾಗದ ಹೊತ್ತಿಕೊಂಡೀತು. ಅವನ ಕಾಲು ಬಿದ್ದುಹೋಗಲಿ, ಅವನಿಗೆ ಕೂರಲು ಜಾಗ ಸಿಗದಿರಲಿ, ಹಾಗೆ ಹೀಗೆ. ಮುನಿಶಾಮಮ್ಮ ಜೊತೆಗೆ ನೆಟಿಗೆ ಮುರಿದಳು. ಸೊಣ್ಣಪ್ಪ ಮಾತ್ರ ಶಾಪ ಹಾಕಲಿಲ್ಲ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಓಗ್ಲಿ ಬಿಡಮ್ಮ, ದೊಡ್ಡೋರ ಸಾವಾಸ" ಎಂದವನೇ ಕೊಟ್ಟಿಗೆಯ ಕಡೆ ನಡೆದ. ಸಂತೆಯಲ್ಲಿ ಹುಲಿಯಂತಿರುವ ಅಪ್ಪ ಹೀಗೆ ಬಾಲ ಮುದುರಿದ್ದಕ್ಕೆ ಅವಳಿಗೆ ಬೇಸರವಾಯಿತು.

ಮುಂದಿನ ವರ್ಷ ಅವಳು ಮೆಟ್ಟಿಲಿನ ಡಬ್ಬಿಗೆ ಬಂದಳು. ಆ ಡಬ್ಬಿಗೊಂದು ರಾಣಿ ಇದ್ದಳು. ಟೆಲಿಫೋನ್ ಆಫೀಸಿನ ವರಲಕ್ಷ್ಮಮ್ಮ. ಮಾರಿಕುಪ್ಪಂನಿಂದ ಬರುವ ರೈಲು ಬಂಗಾರಪೇಟೆಗೆ ಬರುವಷ್ಟರಲ್ಲಿ ತುಂಬಿರುತ್ತದೆ. ಅಲ್ಲಿ ಹತ್ತುವವರಿಗೆ ಖಾಲಿ ಸೀಟು ಅನ್ನುವುದೇ ಇಲ್ಲ. ಆದರೆ ಪಾಸಿನವರಲ್ಲಿ ಒಂದು ಪದ್ಧತಿ: ಯಾರಾದರೂ "ಒಸಿ ಜರಗಿ" ಎಂದರೆ ಜರಗಲೇಬೇಕು. ಮೂವರ ಸೀಟಿನಲ್ಲಿ ನಾಲ್ವರು, ನಾಲ್ವರಾದ ಮೇಲೆ ಐವರು. ಜಾತಿ ಕೇಳುವುದಿಲ್ಲ, ಭಾಷೆ ಕೇಳುವುದಿಲ್ಲ, ಬೆವರು ನೋಡುವುದಿಲ್ಲ. ಜರಗದವನು ಪಾಸಿನವನೇ ಅಲ್ಲ.

ಹುರುಳಿಕಾಯಿ ನಾರು ತೆಗೆಯುತ್ತ ವರಲಕ್ಷ್ಮಮ್ಮ ಅಶ್ವತ್ಥಮ್ಮನ ಕಥೆಯನ್ನೆಲ್ಲ ಕೇಳಿದಳು. ಹಾಜರಿ, ಪೇಪರು, ಪ್ರಾಜೆಕ್ಟು ಎಂಬುದೆಲ್ಲ ಅವಳಿಗೆ ಅಷ್ಟಕ್ಕಷ್ಟೆ. ಒಂದು ಮಾತಿಗೆ ಮಾತ್ರ ಕೈ ನಿಂತಿತು.

"ಏನಂದೆ? ಅವನೂ ಇದೇ ರೈಲಲ್ಲಿ ಬಂದು, ನಿಂಗೆ ಲೇಟು ಅಂದ್ನಾ?"

"ಊನಕ್ಕಾ. ಕಿಟಕೀನೂ ಆಕಿಸ್ದ."

ಡಬ್ಬಿಯವರೆಲ್ಲ ಇತ್ತ ತಿರುಗಿದರು. ಅಲ್ಲಿದ್ದ ಒಬ್ಬೊಬ್ಬರೂ ಈ ರೈಲಿನ ದೆಸೆಯಿಂದ ಆಫೀಸಿನಲ್ಲಿ ಕೆಂಪು ಗೆರೆ ಹಾಕಿಸಿಕೊಂಡವರೇ, ಮ್ಯಾನೇಜರ ಬಾಯಿಗೆ ಬಿದ್ದವರೇ. ರೈಲು ಹತ್ತದ ಮ್ಯಾನೇಜರು ಬೈದರೆ ಅದು ಬೇರೆ. ಪಕ್ಕದಲ್ಲೇ ಕೂತು, ಸಿಗ್ನಲ್ಲಿಗೆ ಕಾದು, ಇವತ್ತು ಹೊತ್ತಾಯಿತಲ್ಲ ಎಂದು ಜೊತೆಗೆ ಗೊಣಗಿದವನೇ ಹೋಗಿ ಬಾಗಿಲು ಹಾಕುವುದೆಂದರೆ!

"ಥೂ, ಮನೆಮುರುಕ" ಎಂದಳು ವರಲಕ್ಷ್ಮಮ್ಮ. "ಕೇಳ್ರಪ್ಪಾ ಎಲ್ಲಾರೂ. ಇವತ್ತಿಂದ ಈ ಡಬ್ಬೀಲಿ ಆ ಸೂಟಿನೋನಿಗೆ ಯಾರೂ ಜರಗಂಗಿಲ್ಲ."

ಯಾರೂ ಜರಗಲಿಲ್ಲ. ರಾಮಚಂದ್ರಪ್ಪ ಬಂದು, ಎಂದಿನಂತೆ ಗಂಟಲು ಸರಿಮಾಡಿಕೊಂಡು ನಿಂತ. ಆ ಸೀಟಿನವರು ಕಿಟಕಿಯಾಚೆ ನೋಡಿದರು, ಈ ಸೀಟಿನವರು ಇಸ್ಪೀಟಿನಲ್ಲಿ ಮುಳುಗಿದರು, ಒಬ್ಬ ನಿದ್ದೆ ಬಂದವನಂತೆ ಕಾಲು ಅಗಲಿಸಿದ. ಅವನು ಪೇಪರು ಬಿಡಿಸಿ, ಕಂಬಿಗೆ ಒರಗಿ ನಿಂತೇ ಓದಿದ. ಟೇಕಲ್ ಬಂತು, ಮಾಲೂರು ಬಂತು, ವೈಟ್‌ಫೀಲ್ಡ್ ಬಂತು. ಅಶ್ವತ್ಥಮ್ಮ ಎದುರಿನ ಸೀಟಿನಲ್ಲಿ ಕಾಲು ಮಡಿಚಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ಒಂದೊಂದು ಕಾಯಿಯನ್ನೂ ಅವನಿಗೆ ಕೇಳುವ ಹಾಗೆ ಟಪ್ಪನೆ ಒಡೆದಳು. ಜನ್ಮದಲ್ಲಿ ಅಷ್ಟು ರುಚಿಯಾದ ಕಡಲೆಕಾಯಿಯನ್ನು ತಾನು ತಿಂದಿಲ್ಲ ಎಂದು ಆಮೇಲೆ ತಾಯಿಗೆ ಹೇಳಿದಳು.

ಮಾರನೆಯ ದಿನವೂ ಅಷ್ಟೆ. ಮಳೆಗಾಲ ಮುಗಿದು ಚಳಿ ಬಂದರೂ ಅಷ್ಟೆ. ಬೇರೆ ಡಬ್ಬಿಗೆ ಹೋದರೆ ಅವನಿಗೆ ಸೀಟು ಸಿಗುತ್ತಿತ್ತು. ಆದರೆ ಬೇರೆ ಡಬ್ಬಿಯಲ್ಲಿ ಇಳಿದರೆ ಮೆಟ್ಟಿಲಿನ ನೂಕುನುಗ್ಗಲಿಗೆ ಸಿಕ್ಕಿ ಕ್ಲಾಸಿಗೆ ತಡವಾಗುತ್ತದೆ. ಕೂತರೆ ಬೆಲ್ಲಿಗೆ ಇಲ್ಲ, ಬೆಲ್ಲಿಗೆ ಬೇಕೆಂದರೆ ಕೂರುವ ಹಾಗಿಲ್ಲ. ಅವನು ನಿಂತೇ ಬಂದ. ಮೊದಲು ಎಡಗಾಲಿನ ಮೇಲೆ ಭಾರ ಹಾಕುತ್ತಿದ್ದ, ಆಮೇಲೆ ಬಲಗಾಲಿಗೆ ಬದಲಿಸುತ್ತಿದ್ದ, ಹೋಗುತ್ತ ಹೋಗುತ್ತ ಮಂಡಿ ನೀವಿಕೊಳ್ಳತೊಡಗಿದ. ಅಶ್ವತ್ಥಮ್ಮನಿಗೆ ಅಯ್ಯೋ ಅನ್ನಿಸಿತೇ? ಒಂದು ಚೂರೂ ಅನ್ನಿಸಲಿಲ್ಲ. ತಾನು ವರಾಂಡದಲ್ಲಿ ನಿಂತದ್ದು ನೆನಪಾಗಿ ಇನ್ನೂ ಹಾಯಾಗಿ ಒರಗಿಕೊಂಡಳು.

ಅವಳು ಈಗ ಮೆಟ್ಟಿಲಿನ ಡಬ್ಬಿಯಿಂದಲೇ ಇಳಿಯುತ್ತಿದ್ದುದರಿಂದ ಮೊದಲ ಬಸ್ಸು ಸಿಗುತ್ತಿತ್ತು. ಆದರೂ ಸ್ಕೂಟರಿನ ಮುಂದೆ ಬಸ್ಸೆಲ್ಲಿ? ರೈಲು ತಡವಾದ ದಿನ ಮತ್ತೆ ಅದೇ ಬಾಗಿಲು, ಅದೇ ಚಿಲಕ. ಹಾಜರಿ ಈ ವರ್ಷವೂ ಅಂಚಿಗೆ ಬಂದು ನಿಂತಿತು. ಈ ಸಲವೂ ಹೋದರೆ ಎಂ.ಇ. ಆಸೆಯನ್ನೇ ಬಿಟ್ಟು, ಬರಿಗೈಯಲ್ಲಿ ಕೆಜಿಎಫ್‌ಗೆ ಮರಳಬೇಕು. ಪಾಲಿಟೆಕ್ನಿಕ್ಕಿನವರು ಮತ್ತೊಮ್ಮೆ ಕಳಿಸುವವರಲ್ಲ.

ಆಗ ಆ ದಿನ ಬಂತು. ಮಂಡಿ ಊದಿಕೊಂಡಿತ್ತೋ ಏನೋ, ರಾಮಚಂದ್ರಪ್ಪ ಬಂಗಾರಪೇಟೆಯಲ್ಲಿ ಕುಂಟುತ್ತ ಪ್ಲಾಟ್‌ಫಾರಮ್ಮಿನ ಆ ತುದಿಗೆ ನಡೆದು, ಹಿಂದಿನ ಡಬ್ಬಿಗೆ ಹತ್ತಿ ಕೂತದ್ದನ್ನು ವರಲಕ್ಷ್ಮಮ್ಮ ಕಿಟಕಿಯಿಂದ ಕಂಡಳು. "ಲೇ ಅಶ್ವತ್ಥೀ, ಇವತ್ತು ನಿಂದು ಕಣೇ! ಇಳಿದ ತಕ್ಷಣ ಓಡು" ಎಂದು ತನ್ನ ಆಟೋ ದುಡ್ಡನ್ನೂ ಅವಳ ಕೈಗೆ ತುರುಕಿದಳು.

ಅಶ್ವತ್ಥಮ್ಮ ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಹತ್ತಿದಳು. ಆಟೋದಿಂದ ಇಳಿದು ಕ್ಲಾಸಿಗೆ ಬಂದಾಗ ಹುಡುಗರಿದ್ದರು, ಪ್ರೊಫೆಸರಿಲ್ಲ. ಬೆಲ್ ಹೊಡೆಯಿತು. ಅವಳು ಎದ್ದು ಹೋಗಿ ಬಾಗಿಲು ಮುಚ್ಚಿ ಚಿಲಕ ಹಾಕಿದಳು. ಸ್ವಲ್ಪ ಹೊತ್ತಿಗೆ ಕುಂಟು ಹೆಜ್ಜೆಯ ಸದ್ದು, ಬಾಗಿಲ ಮೇಲೆ ಬಡಿತ.

"ಯಾರದು? ಬಾಗಿಲು ತೆಗೀರಿ."

"ಬೆಲ್ ಆಯ್ತು ಸಾರ್" ಎಂದಳು ಅಶ್ವತ್ಥಮ್ಮ ಒಳಗಿನಿಂದ.

"ರೈಲು ಲೇಟಾಯ್ತು ಕಣ್ರೀ!"

"ನಾನೂ ಅದೇ ರೈಲಲ್ಲೇ ಬಂದಿದ್ದು ಸಾರ್. ನಾನು ಒಳಗಿದ್ದೀನಿ, ನೀವು ಹೊರಗಿದ್ದೀರಿ."

ಹೊರಗೆ ಸೂಟು, ಟೈ, ಬೆಂಗಳೂರು ಕನ್ನಡ ಎಲ್ಲ ಕಳಚಿಬಿದ್ದು ಕಾಮಸಮುದ್ರವೇ ಬಾಗಿಲ ಮೇಲೆ ಅಪ್ಪಳಿಸಿತು. "ಲೇ, ತೆಗಿಯೇ ಬಾಗ್ಲ! ಓಗೋಗಿ ನಿನ್ನಂತೋಳ ಕೈಗೆ ಸಿಕ್ಕಿದ್ನಲ್ಲೇ ನಾನು!" ಹು‌ಡುಗರು ಬೆಂಚಿಗೆ ತಲೆಯಿಟ್ಟು ನಕ್ಕರು. ಪ್ರಿನ್ಸಿಪಾಲರಿಗೆ ದೂರು ಕೊಡೋಣವೆಂದರೆ ತಾನೇ ತಡವಾಗಿ ಬಂದೆನೆಂದು ಒಪ್ಪಿಕೊಳ್ಳಬೇಕು. ಅವನು ಆವತ್ತು ಹಾಗೆಯೇ ಹಿಂದಿರುಗಿದ. ಆ ವರ್ಷದ ಕೊನೆಯವರೆಗೂ ವೈಬ್ರೇಶನ್ ಕ್ಲಾಸಿನ ಬಾಗಿಲಿಗೆ ಮತ್ತೆ ಚಿಲಕ ಬೀಳಲಿಲ್ಲ. ನಾಳೆ ತಾನು ಬಾಗಿಲಿನ ಯಾವ ಕಡೆ ಇರುತ್ತೇನೋ ಎಂಬ ಭರವಸೆ ಅವನಿಗೇ ಇರಲಿಲ್ಲ. ಅಶ್ವತ್ಥಮ್ಮನ ಹಾಜರಿ ತುಂಬಿತು, ಪೇಪರು ಪಾಸಾಯಿತು, ಲೋಟ ಯಾಕೆ ಗುಂಯ್ ಎನ್ನುತ್ತದೆಂದೂ ತಿಳಿಯಿತು. ಪಾಠ ಮಾತ್ರ ಅವನು ಚೆನ್ನಾಗಿಯೇ ಮಾಡುತ್ತಿದ್ದ, ಆ ಪಾಪಿ.

ಸಂಬಳವಿಲ್ಲದ ರಜೆ ಹಾಕಿ ಮೂರನೇ ವರ್ಷ ಪ್ರಾಜೆಕ್ಟು ಮುಗಿಸಿ ಬಂದಾಗ ಕುಪ್ಪುಸ್ವಾಮಿ ಆ ಕುರ್ಚಿಯಲ್ಲಿ ಕೂತು ಹಳಬನಾಗಿದ್ದ. ಒಳ್ಳೆಯ ಮನುಷ್ಯ. "ವಾಂಗಮ್ಮಾ, ಬನ್ನಿ, ಕೂತ್ಕೊಳ್ಳಿ" ಎಂದು ಎದ್ದು ನಿಂತು ಕರೆಯುತ್ತಿದ್ದ. ಅವನ ಒಳ್ಳೆಯತನವೇ ಅವಳಿಗೆ ಚುಚ್ಚುತ್ತಿತ್ತು. ರಜೆ ಬೇಕಾದರೆ ಅವನ ಮುಂದೆ ನಿಲ್ಲಬೇಕು, ಪ್ರತಿ ಸಲ ನಿಂತಾಗಲೂ ರಾಮಚಂದ್ರಪ್ಪನ ನೆನಪಾಗುತ್ತಿತ್ತು. ಸಂತೆಯಲ್ಲೋ ಮದುವೆಯಲ್ಲೋ ವರಲಕ್ಷ್ಮಮ್ಮ ಸಿಕ್ಕರೆ ಅಶ್ವತ್ಥಮ್ಮ ಮೊದಲು ಕೇಳುತ್ತಿದ್ದದ್ದು ಒಂದೇ.

"ಇನ್ನೂ ನಿಂತೇ ಬತ್ತಾನಾ ಅಕ್ಕಾ?"

"ನಿಂತೇ ಬತ್ತಾನೆ ಕಣೇ."

ಅಷ್ಟು ಕೇಳಿದರೆ ಆ ತಿಂಗಳು ಅವಳಿಗೆ ಚೆನ್ನಾಗಿ ನಿದ್ದೆ ಬರುತ್ತಿತ್ತು.

ವರ್ಷಗಳು ಹೋದವು. ಮುನಿಶಾಮಮ್ಮ ತೀರಿಕೊಂಡಳು. ಮದುವೆಗೆ ಬಂದ ಗಂಡುಗಳನ್ನೆಲ್ಲ ಏನಾದರೊಂದು ಸಿಟ್ಟಿನಿಂದ ತಿರುಗಿಸಿ ಕಳಿಸಿದ ಅಶ್ವತ್ಥಮ್ಮ ಅಪ್ಪನನ್ನು ನೋಡಿಕೊಂಡು ಊರಲ್ಲೇ ಇದ್ದಳು. ತೊಂಬತ್ತೈದರ ಸುಮಾರಿಗೆ ಒಂದು ದಿನ ಯಾವುದೋ ಮೀಟಿಂಗಿಗೆಂದು ಬೆಂಗಳೂರಿಗೆ ಹೋಗಬೇಕಾಗಿ, ಬಂಗಾರಪೇಟೆಯಲ್ಲಿ ಮೆಟ್ಟಿಲಿನ ಡಬ್ಬಿ ಹತ್ತಿದಳು. ವರಲಕ್ಷ್ಮಮ್ಮ ನಿವೃತ್ತಳಾಗಿದ್ದಳು. ಎಲ್ಲ ಹೊಸ ಮುಖಗಳು. "ಒಸಿ ಜರಗಮ್ಮಾ" ಎಂದಳು, ಜರಗಿದರು. ಕೂತು ತಲೆ ಎತ್ತಿದರೆ ಕಂಬಿ ಹಿಡಿದು ನಿಂತಿದ್ದಾನೆ ರಾಮಚಂದ್ರಪ್ಪ.

ಸೂಟಿಲ್ಲ, ತಲೆಯಲ್ಲಿ ಕೂದಲಿಲ್ಲ, ಕೈಯಲ್ಲಿ ಕೋಲು, ಆಸ್ಪತ್ರೆಯ ಚೀಲ. ರೈಲು ಕುಲುಕಿದಾಗೆಲ್ಲ ಮುದುಕ ತೂಗಾಡುತ್ತಿದ್ದ. ಅಶ್ವತ್ಥಮ್ಮ ಪಕ್ಕದ ಹುಡುಗಿಯನ್ನು ಮೊಣಕೈಯಿಂದ ತಿವಿದು ಕೇಳಿದಳು: "ಪಾಪ ವಯಸ್ಸಾದೋರು. ಯಾಕಮ್ಮ ಯಾರೂ ಜರಗಲ್ಲ?"

"ಅವರಿಗೆ ಜರಗಲ್ಲ ಆಂಟಿ. ಈ ಡಬ್ಬೀಲಿ ಅದು ಪದ್ಧತಿ."

"ಯಾಕೆ?"

"ಗೊತ್ತಿಲ್ಲ. ಮೊದಲಿಂದ್ಲೂ ಅಂಗೇ."

ಕುಣಿಯಬೇಕಿತ್ತು ಅಶ್ವತ್ಥಮ್ಮ. ತಾನು ಹಚ್ಚಿದ ಬೆಂಕಿ ತಾನಿಲ್ಲದೆಯೂ ಉರಿಯುತ್ತಿದೆ. ಆದರೆ ಸಿಟ್ಟು ತನ್ನದು, ಕಿಟಕಿ ಹಾಕಿಸಿಕೊಂಡವಳು ತಾನು. ಕಾರಣವೇ ಗೊತ್ತಿಲ್ಲದ ಇವರು ಯಾರು ಅವನನ್ನು ನಿಲ್ಲಿಸುವುದಕ್ಕೆ? ಅವಳಿಗೆ ಅವರ ಮೇಲೂ ಕೋಪ ಬಂತು. "ಬನ್ನಿ ಮಾವ, ಕೂತ್ಕೊಳ್ಳಿ" ಎಂದು ಜರಗಿದಳು. ಡಬ್ಬಿಯವರು ದುರುಗುಟ್ಟಿ ನೋಡಿದರು. ಮುದುಕ ಅವಳ ಮುಖವನ್ನೇ ದಿಟ್ಟಿಸಿ, ಗುರುತು ಹಿಡಿದು, ನಿಧಾನಕ್ಕೆ ಕೂತ.

"ಬಾಗಿಲು ಆಕ್ದೋಳಲ್ವಾ ನೀನು" ಎಂದ. ಈಗ ಅವನ ಮಾತು ಪೂರ್ತಿ ಊರಿನದೇ ಆಗಿತ್ತು. ಮಂಡಿ ನೀವಿಕೊಂಡು, ಸುತ್ತ ನೋಡಿ, ಹೆಮ್ಮೆಯಿಂದ ನಕ್ಕ. "ನೋಡ್ದಾ, ರಿಟೈರ್ ಆಗಿ ಎಷ್ಟು ಕಾಲ ಆಯ್ತು, ಈಗ ಆಸ್ಪತ್ರೆಗೆ ಓಡಾಡೋದು, ಆದ್ರೂ ಈ ಡಬ್ಬೀಲಿ ನನ್ನ ಮರ್ಯಾದೆ ಅಂಗೇ ಐತೆ. ಪ್ರೊಫೆಸರ್ ಪಕ್ಕ ಭುಜಕ್ಕೆ ಭುಜ ತಾಗಿಸಿ ಕೂರೋಕೆ ಇವತ್ತಿಗೂ ಯಾರಿಗೂ ಧೈರ್ಯ ಇಲ್ಲ."

ಅಶ್ವತ್ಥಮ್ಮನ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಇವನು ನಿಂತದ್ದನ್ನು ನೆನೆನೆನೆದು ತಾನು ನಿದ್ದೆ ಮಾಡಿದ್ದೇನು, ಇವನು ಮರ್ಯಾದೆ ಎಂದುಕೊಂಡು ಎದೆಯುಬ್ಬಿಸಿಕೊಂಡು ನಿಂತದ್ದೇನು!

"ಮರ್ಯಾದೆ ಅಲ್ಲ ಮಾವ, ಬಹಿಷ್ಕಾರ. ನಾನೇ ಹಾಕಿಸಿದ್ದು. ನೀನು ಕಿಟಕಿ ಹಾಕಿಸ್ದೆ, ನಾನು ಸೀಟು ತಪ್ಪಿಸ್ದೆ. ನಿನ್ನಿಂದ ನನ್ನ ಕುರ್ಚಿ ಹೋಯ್ತು, ಅದಕ್ಕೇ ನಿನ್ನ ಮಂಡಿ ಹೋಗ್ಲಿ ಅಂತ ಮಾಡ್ದೆ."

ರಾಮಚಂದ್ರಪ್ಪ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮಾಲೂರು ದಾಟಿತು. ಆಮೇಲೆ ಕೋಲಿನ ತುದಿ ನೋಡುತ್ತ ಹೇಳಿದ:

"ಆ ಎಮ್ಮೆ ಗೊಡ್ಡು ಕಣಮ್ಮ. ಗಬ್ಬ ಅಂತ ಏಳಿ ಕೊಟ್ಟ ನಿಮ್ಮಪ್ಪ. ಕಾದೋ ಕಾದೋ, ಈಯಲೇ ಇಲ್ಲ, ಒಂದು ತೊಟ್ಟು ಆಲಿಲ್ಲ. ಬೀದಿ ಎಂಗಸ್ರೆಲ್ಲ ನನ್ನ ಎಂಡ್ತೀನ ಆಡ್ಕಂಡು ನಕ್ರು. ಅದರ ಮೇಲೆ ನೀನು, ಅವನ ಮಗಳು, ಕಾಲೇಜಲ್ಲಿ ಎಲ್ಲಾರ ಮುಂದೆ ಬಂದು ಆಲು ಎಷ್ಟು ಕೊಡ್ತೈತೆ ಅಂತ ಕೇಳ್ತೀಯ. ಅಪ್ಪ ಮೋಸ ಮಾಡ್ದ, ಮಗಳು ಅಣಕ ಮಾಡೋಕೆ ಬಂದ್ಲು ಅಂದ್ಕಂಡೆ. ನಾನೂ ಆ ಕಡೆಯೋನೇ ಅಲ್ವಾ, ಮರೀಲಿಲ್ಲ."

ಅಶ್ವತ್ಥಮ್ಮ, "ಎಮ್ಮೆ ಮಾರಿದೋನ ಮೇಲೆ ತೀರಿಸ್ಕೋಬೇಕಿತ್ತು" ಎಂದಳು.

"ಸೊಣ್ಣಪ್ಪ ಕೈಗೆ ಸಿಗ್ತಾನೇನಮ್ಮ? ನೀನು ಸಿಕ್ದೆ."

ಕಂಟೋನ್ಮೆಂಟಿನಲ್ಲಿ ಅವನು ಕೋಲೂರಿಕೊಂಡು ಇಳಿದ. ಅವಳು ಮೀಟಿಂಗಿಗೆ ಹೋಗಲಿಲ್ಲ. ಎದುರಿನ ರೈಲು ಹಿಡಿದು ಊರಿಗೆ ಬಂದಳು.

ಸೊಣ್ಣಪ್ಪ ಜಗಲಿಯ ಮೇಲೆ ಎಲೆಯಡಿಕೆ ಕುಟ್ಟುತ್ತಿದ್ದ. ಹಲ್ಲು ಬಿದ್ದುಹೋಗಿದ್ದವು, ಕಿವಿ ಮಂದವಾಗಿತ್ತು, ಕಾಫಿಯ ಚಟ ಮಾತ್ರ ಹಾಗೇ ಇತ್ತು. ಅವಳು ಚಪ್ಪಲಿ ಬಿಡದೆ ಅವನೆದುರು ನಿಂತು ಕೇಳಿದಳು.

"ಅಪ್ಪಾ, ಬಂಗಾರಪೇಟೆ ರಾಮಚಂದ್ರಪ್ಪನ ಮನೆಗೆ ಕೊಟ್ಟಿದ್ದೆಯಲ್ಲ, ಆ ಎಮ್ಮೆ ಗೊಡ್ಡು ಅಂತ ನಿಂಗೆ ಗೊತ್ತಿತ್ತಾ?"

ಕುಟ್ಟುತ್ತಿದ್ದ ಕೈ ನಿಂತಿತು. ಯಾವ ಎಮ್ಮೆ ಎಂದು ಅವನು ಕೇಳಲಿಲ್ಲ.

"ಗೊತ್ತಿತ್ತು."

"ಅದರಿಂದ ನನ್ನ ಬಾಳು ಏನಾಯ್ತು ಅಂತಾನೂ ಗೊತ್ತಿತ್ತಾ?"

"ನೀನು ಅತ್ಕಂಡು ಬಂದ್ಯಲ್ಲ, ಆವತ್ತೇ ಗೊತ್ತಾಯ್ತು. ಏಳೋಕೆ ಬಾಯಿ ಬರಲಿಲ್ಲ." ಮುದುಕ ಟವೆಲಿನಿಂದ ಬಾಯಿ ಒರೆಸಿಕೊಂಡ. "ನಿನ್ನ ಬಿ.ಇ. ಕೊನೇ ವರ್ಷದ ಪೀಸು ಕಟ್ಟಬೇಕಿತ್ತು ಕಣಮ್ಮ. ಕೊಟ್ಟಿಗೇಲಿ ಮಾರೋಕೆ ಇದ್ದಿದ್ದು ಅದೊಂದೇ."

ಅವಳು ಒಳಗೆ ಹೋದಳು. ಮಾರನೆಯ ಬೆಳಿಗ್ಗೆ ಎಂದಿನಂತೆ ಕಾಫಿ ಕಾಯಿಸಿ, ಲೋಟವನ್ನು ಅಪ್ಪನ ಮುಂದಿಟ್ಟಳು. ಸೊಣ್ಣಪ್ಪ ಲೋಟದೊಳಕ್ಕೆ ಇಣುಕಿ ನೋಡಿದ. ಬರೀ ಕರಿ ಡಿಕಾಕ್ಷನ್ನು.

"ಆಲು ಆಕಿಲ್ವಲ್ಲಮ್ಮ?"

"ಆ ಎಮ್ಮೆ ಕೊಡಲಿಲ್ಲ ಅಪ್ಪಾ" ಎಂದಳು ಅಶ್ವತ್ಥಮ್ಮ.

ಅವನು ಕಣ್ಣು ಮುಚ್ಚಿ ಕುಡಿದ. ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ತನ್ನ ಲೋಟ ತೆಗೆದುಕೊಂಡಳು. ಒಲೆಯ ಮೇಲೆ ಹಾಲು ಗಟ್ಟಿಯಾಗಿ ಕೆನೆಗಟ್ಟಿತ್ತು. ಅವಳು ತನ್ನ ಲೋಟಕ್ಕೂ ಅದನ್ನು ಹಾಕಿಕೊಳ್ಳಲಿಲ್ಲ.